ಒಂದೇ ಬಂಗುಡೆಗೆ ಎರಡು ಬೆಲೆ ಏಕೆ? ಘಟ್ಟ ಹತ್ತುವ ಮೀನಿನ ಗುಣಮಟ್ಟ ಮತ್ತು ದರ

ಸೋಗಾನೆ ಎಂದರೆ ಈಗ ಎಲ್ಲರಿಗೂ ವಿಮಾನ ನಿಲ್ದಾಣ ನೆನಪಾಗುತ್ತದೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣ ಇರುವುದು ಅಲ್ಲಿಯೇ. ಆದರೆ ಆ ಊರಿನ ಅಡುಗೆಮನೆಗೆ ಸಮುದ್ರದ ಮೀನು ಬರುವುದು ಇಂದಿಗೂ ರಸ್ತೆಯಲ್ಲಿ, ಘಟ್ಟ ಹತ್ತಿ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಬಂದರುಗಳಿಂದ ಹೊರಟ ವಾಹನಗಳು ಆಗುಂಬೆ, ಹುಲಿಕಲ್ ಅಥವಾ ಸಾಗರದ ದಾರಿ ಹಿಡಿದು ಶಿವಮೊಗ್ಗ ತಲುಪುತ್ತವೆ. ಅಲ್ಲಿಂದ ಭದ್ರಾವತಿಗೂ ಸುತ್ತಲಿನ ಹಳ್ಳಿಗಳಿಗೂ ಮೀನು ಹಂಚಿಹೋಗುತ್ತದೆ. ಕೊನೆಯ ಕೆಲವು ಕಿಲೋಮೀಟರ್ ಪ್ರಯಾಣ ಬಹುಪಾಲು ಬೈಕಿನ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ನಡೆಯುತ್ತದೆ.

ಘಟ್ಟದ ಮೇಲಿನ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ. ಪೇಟೆಯ ಅಂಗಡಿಯಲ್ಲಿ ಬಂಗುಡೆಗೆ ಒಂದು ದರ, ಬಾಗಿಲಿಗೆ ಬಂದವರ ಬಳಿ ಇನ್ನೊಂದು ದರ, ಸಂಜೆಗೆ ಅದೇ ಪೇಟೆಯಲ್ಲಿ ಮೂರನೆಯ ದರ. ಮೀನು ಅದೇ ಅಲ್ಲವೇ? ಇದರಲ್ಲಿ ಮೋಸವೆಷ್ಟು, ನ್ಯಾಯವೆಷ್ಟು?

ಮೋಸ ಇಲ್ಲವೆಂದು ಹೇಳಲಾಗದು. ಆದರೆ ದರದ ಈ ಏರಿಳಿತದ ದೊಡ್ಡ ಪಾಲಿಗೆ ಕಾರಣ ಮೀನಿನ ಗುಣಮಟ್ಟ. ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಒಳ್ಳೆಯ ಮೀನಿಗೆ ಒಳ್ಳೆಯ ಬೆಲೆ ಎಂಬ ನಿಯಮ ನಡೆಯುವುದು ಕೊಳ್ಳುವವರ ಕಣ್ಣಿಗೆ ಗುಣ ಕಾಣುವ ಕಡೆ ಮಾತ್ರ. ಬಂದರಿನಲ್ಲಿ ಅದು ಕಾಣುತ್ತದೆ. ಘಟ್ಟ ಹತ್ತಿದ ಮೇಲೆ ಮಸುಕಾಗುತ್ತದೆ. ಆ ಮಸುಕಿನ ನಷ್ಟವನ್ನು ಹೊರುವವರು ಇಬ್ಬರು: ಬುಟ್ಟಿ ಹೊತ್ತು ಮಾರುವವರು ಮತ್ತು ಮನೆಗೆ ಕೊಂಡೊಯ್ಯುವವರು.

ಏಲಂನ ಐದು ನಿಮಿಷ

ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಮೀನು ಏಲಂ ಆಗುವುದನ್ನು ನೋಡಿದವರಿಗೆ ಅಲ್ಲಿನ ಅವಸರ ಗೊತ್ತು. ಕೂಗುವವರು ಕೂಗುತ್ತಿರುವಾಗಲೇ ಕೊಳ್ಳುವವರು ಬಗ್ಗಿ ಒಂದು ಮೀನನ್ನು ಎತ್ತಿ, ಕಿವಿರು ಬಿಡಿಸಿ, ಹೊಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟಿರುತ್ತಾರೆ. ಅಷ್ಟರಲ್ಲಿ ಅವರ ಲೆಕ್ಕ ಮುಗಿದಿರುತ್ತದೆ.

ಆ ಲೆಕ್ಕದಲ್ಲಿ ಮೊದಲನೆಯದು ಮೀನು ಹಿಡಿದ ಬಗೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಹತ್ತು ಹನ್ನೆರಡು ದಿನ ಸಮುದ್ರದಲ್ಲೇ ಇರುತ್ತವೆ. ಹೊರಟ ಎರಡನೆಯ ದಿನ ಬಲೆಗೆ ಬಿದ್ದ ಮೀನೂ ಮರಳುವ ಹಿಂದಿನ ದಿನ ಬಿದ್ದ ಮೀನೂ ಒಂದೇ ಬೋಟಿನ ಉಗ್ರಾಣದಲ್ಲಿ, ಒಂದೇ ಐಸಿನಲ್ಲಿ ಇರುತ್ತವೆ. ಆದರೆ ಎರಡರ ವಯಸ್ಸು ಬೇರೆ. ಪರ್ಸಿನ್ ಬೋಟುಗಳು ಸಾಮಾನ್ಯವಾಗಿ ಅದೇ ದಿನ ಮರಳುತ್ತವೆ. ನಾಡದೋಣಿಯ ಮೀನು ಹಾಗೂ ದಡದಿಂದಲೇ ಎಳೆಯುವ ಕೈರಂಪಣಿಯ ಮೀನು ಸಮುದ್ರದಿಂದ ಎದ್ದು ಕೆಲವು ಗಂಟೆ ಮಾತ್ರ ಆಗಿರುತ್ತದೆ. ಆದ್ದರಿಂದಲೇ ಕರಾವಳಿಯಲ್ಲಿ ‘ಇದು ದೋಣಿಯದ್ದು’ ಎಂಬ ಒಂದು ಮಾತಿಗೆ ಕಿಲೋ ಮೇಲೆ ಬೆಲೆ ಏರುತ್ತದೆ.

ಎರಡನೆಯದು ಗಾತ್ರ. ಅಂಜಲ್, ಮಾಂಜಿ ಮುಂತಾದ ಮೀನುಗಳಲ್ಲಿ ಒಂದೊಂದು ಮೀನಿನ ತೂಕ ಹೆಚ್ಚಾದಂತೆ ಕಿಲೋ ದರವೂ ಹೆಚ್ಚುತ್ತದೆ. ಸಿಗಡಿಯಲ್ಲಿ ಇದು ಇನ್ನೂ ಸ್ಪಷ್ಟ: ಕಿಲೋಗೆ ಎಷ್ಟು ಸಿಗಡಿ ತೂಗುತ್ತವೆ ಎಂಬ ‘ಕೌಂಟ್’ ಮೇಲೆಯೇ ವ್ಯಾಪಾರ. 30 ಕೌಂಟ್ ಎಂದರೆ ಕಿಲೋಗೆ ಮೂವತ್ತು, 100 ಕೌಂಟ್ ಎಂದರೆ ನೂರು. ಕೌಂಟ್ ಇಳಿದಷ್ಟೂ ಬೆಲೆ ಏರುತ್ತದೆ. ಗಾತ್ರಕ್ಕೆ ಕೊಡುವ ಬೆಲೆಗೂ ತಾಜಾತನಕ್ಕೆ ಕೊಡುವ ಬೆಲೆಗೂ ಸಂಬಂಧವಿಲ್ಲ ಎಂಬುದನ್ನು ಮನೆಯವರು ಮರೆಯಬಾರದು. ಇಂದು ಬೆಳಿಗ್ಗೆ ಹಿಡಿದ ಸಣ್ಣ ಬಂಗುಡೆ, ವಾರದ ಹಿಂದಿನ ದೊಡ್ಡ ಬಂಗುಡೆಗಿಂತ ಎಷ್ಟೋ ಉತ್ತಮ. ಆದರೂ ಪೇಟೆ ದೊಡ್ಡದಕ್ಕೇ ಹೆಚ್ಚು ಕೊಡುತ್ತದೆ. ಗಾತ್ರ ದೂರದಿಂದಲೂ ಕಾಣುತ್ತದೆ. ತಾಜಾತನ ತಿಳಿಯಲು ಬಗ್ಗಿ ನೋಡಬೇಕು.

ಮೂರನೆಯದು ಋತು. ಬೂತಾಯಿಯನ್ನು ನೋಡಿ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಅದರ ಮೈಯಲ್ಲಿ ಎಣ್ಣೆ ತುಂಬಿರುತ್ತದೆ. ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ ಎಂದು ಹಿರಿಯರು ಹೇಳುವುದು ಉತ್ಪ್ರೇಕ್ಷೆಯಲ್ಲ. ಮೊಟ್ಟೆಯಿಟ್ಟ ನಂತರದ ಬೂತಾಯಿ ಸಪ್ಪೆ. ಎರಡೂ ತಾಜಾ ಇರಬಹುದು, ಆದರೆ ರುಚಿ ಒಂದಲ್ಲ. (ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮ ಮನೆಗಳಲ್ಲಿ ಮೀನು ಮಾಡುವುದಿಲ್ಲ, ಮರುದಿನ ಪೇಟೆಯಲ್ಲಿ ಯಾಕೆ ಅಷ್ಟು ಜನ ಎಂಬುದಕ್ಕೆ ಇದೂ ಒಂದು ಕಾರಣವಿರಬಹುದು!)

ಕೊನೆಗೆ, ಮೀನನ್ನು ನಡೆಸಿಕೊಂಡ ರೀತಿ. ತುಳಿದ ಮೀನು, ರಾಶಿಯ ಅಡಿಯಲ್ಲಿ ಜಜ್ಜಿದ ಮೀನು, ಬಿಸಿಲು ಕಂಡ ಮೀನು ಇವೆಲ್ಲ ಏಲಂನಲ್ಲಿ ಕೆಳಗಿಳಿಯುತ್ತವೆ. ಹೊಟ್ಟೆ ತುಂಬ ಆಹಾರವಿದ್ದಾಗ ಸಿಕ್ಕ ಬೂತಾಯಿಗೆ ಕೂಡಲೇ ಐಸ್ ಬೀಳದಿದ್ದರೆ ಅದರ ಹೊಟ್ಟೆಯೊಳಗಿನ ಜೀರ್ಣರಸವೇ ಅದರ ಹೊಟ್ಟೆಯನ್ನು ಒಡೆಯುತ್ತದೆ. ಹೊಟ್ಟೆ ಒಡೆದದ್ದು ಮನೆಗೆ ಹೋಗುವುದಿಲ್ಲ, ಮೀನುಹುಡಿ ಕಾರ್ಖಾನೆಗೆ ಹೋಗುತ್ತದೆ. ಒಂದೇ ಬಲೆ, ಒಂದೇ ದಿನ. ಆದರೆ ಒಂದು ಪಾಲು ಊಟದ ದರಕ್ಕೆ, ಇನ್ನೊಂದು ಪಾಲು ಹುಡಿಯ ದರಕ್ಕೆ. ಬೋಟಿನಲ್ಲಿ ದುಡಿಯುವವರಿಗೆ ಸಿಗುವುದು ಒಟ್ಟು ಮಾರಾಟದಲ್ಲಿ ಪಾಲು. ಆದ್ದರಿಂದ ಐಸ್ ಹಾಕಲು ತಡವಾದ ಆ ಒಂದು ಗಂಟೆಯ ನಷ್ಟ ಅವರ ಮನೆಗೂ ತಲುಪುತ್ತದೆ.

ಮತ್ತಾಯನ ಶುಭಸಂದೇಶದ ಬಲೆಯ ಸಾಮತಿಯಲ್ಲಿ ಬೆಸ್ತರು ದಡದಲ್ಲಿ ಕುಳಿತು ಮೀನು ಆರಿಸುತ್ತಾರೆ. ಆ ವಿಂಗಡಣೆಯ ಕೆಲಸ ಇಂದಿಗೂ ನಮ್ಮ ಬಂದರುಗಳಲ್ಲಿ ದಡದಲ್ಲೇ ನಡೆಯುತ್ತಿದೆ, ಬಹುಪಾಲು ಹೆಂಗಸರ ಕೈಯಲ್ಲಿ.

ಐಸಿನ ಲೆಕ್ಕ

ಮೀನಿನ ಗುಣ ಎಂದರೆ ಬಹುಮಟ್ಟಿಗೆ ಸಮಯ ಮತ್ತು ಶಾಖದ ಲೆಕ್ಕ. ಮೀನು ಸತ್ತ ಕ್ಷಣದಿಂದ ಅದರ ಗಡಿಯಾರ ಓಡಲು ಆರಂಭಿಸುತ್ತದೆ. ಕರಗುತ್ತಿರುವ ಐಸಿನ ನಡುವೆ, ಅಂದರೆ 0 ಡಿಗ್ರಿಯಲ್ಲಿ, ಆ ಗಡಿಯಾರ ನಿಧಾನ. ಮೀನು ತಜ್ಞರು ಬಳಸುವ ಒಂದು ಸ್ಥೂಲ ಸೂತ್ರದಂತೆ 5 ಡಿಗ್ರಿಯಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚು, 10 ಡಿಗ್ರಿಯಲ್ಲಿ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ. ನಮ್ಮ ಏಪ್ರಿಲ್ ತಿಂಗಳ ಹಗಲಿನ ಬಿಸಿಲಿನಲ್ಲಿ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದಲೇ ಬಿಸಿ ಪ್ರದೇಶಗಳಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು ಎನ್ನುತ್ತಾರೆ. ಒಂದು ಕಿಲೋ ಐಸ್ ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಶಾಖವನ್ನು ಹೀರುತ್ತದೆ. ಅಂದರೆ ಮೀನನ್ನು ತಂಪಾಗಿಡುವುದು ಐಸಿನ ಕರಗುವಿಕೆಯೇ. ಕರಗಿದ ನೀರು ಮೀನಿನ ಮೇಲೆ ಹರಿದು ಲೋಳೆಯನ್ನೂ ರೋಗಾಣುಗಳನ್ನೂ ತೊಳೆದುಕೊಂಡು ಹೊರಗೆ ಹೋಗಬೇಕು. ತೂತಿಲ್ಲದ ಪೆಟ್ಟಿಗೆಯಲ್ಲಿ ಆ ನೀರಿನಲ್ಲೇ ಮೀನು ಮುಳುಗಿ ಕುಳಿತರೆ ಐಸ್ ಹಾಕಿದ್ದರ ಫಲ ಅರ್ಧ ಹೋಯಿತು. ದೊಡ್ಡ ಬ್ಲಾಕ್ ಐಸನ್ನು ಒರಟಾಗಿ ಒಡೆದು ಹಾಕಿದರೆ ಅದರ ಚೂಪು ಅಂಚು ಬಂಗುಡೆಯ ಮೃದು ಚರ್ಮಕ್ಕೆ ಗಾಯ ಮಾಡುತ್ತದೆ. ನುಣುಪಾಗಿ ಪುಡಿಮಾಡಿದ ಐಸ್ ಮೈಗೆ ಅಂಟಿ ಕೂರುತ್ತದೆ. ಇವು ಸಣ್ಣ ಮಾತುಗಳೆನಿಸಬಹುದು, ಆದರೆ ಘಟ್ಟದ ಮೇಲಿನ ದರ ನಿಂತಿರುವುದು ಇಂಥ ಸಣ್ಣ ಮಾತುಗಳ ಮೇಲೆ.

ಉಡುಪಿಯಿಂದ ಶಿವಮೊಗ್ಗಕ್ಕೆ ಸುಮಾರು 150 ಕಿಲೋಮೀಟರ್. ದೂರ ಹೆಚ್ಚಲ್ಲ. ಮೀನನ್ನು ಕೆಡಿಸುವುದು ದೂರಕ್ಕಿಂತ ಹೆಚ್ಚಾಗಿ ನಿಲುಗಡೆಗಳು: ಬಂದರಿನಲ್ಲಿ ತುಂಬಿಸಲು ಕಾಯುವುದು, ಪೇಟೆಯಲ್ಲಿ ಇಳಿಸಿ ಹಂಚುವುದು, ಸಣ್ಣ ವ್ಯಾಪಾರಿ ತನ್ನ ಪಾಲನ್ನು ಇನ್ನೊಂದು ಪೆಟ್ಟಿಗೆಗೆ ಸುರಿದುಕೊಳ್ಳುವುದು. ಪ್ರತಿ ಸಲ ಐಸ್ ಬಿಟ್ಟು ಮೀನು ಗಾಳಿಗೆ ಬರುತ್ತದೆ. ಸೋಗಾನೆಗೆ ಬರುವ ಮೀನಿಗೆ ಇಂಥ ನಿಲುಗಡೆ ಪೇಟೆಯ ಮೀನಿಗಿಂತ ಒಂದು ಹೆಚ್ಚು.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ, ಇಂದಿನ ದರವೆಂದು ತಿಳಿಯಬಾರದು. ಬೈಕಿನ ಮೇಲೆ ಮಾರುವ ಒಬ್ಬರು 20 ಕಿಲೋ ಬಂಗುಡೆಯನ್ನು ಕಿಲೋಗೆ 150 ರೂಪಾಯಿಯಂತೆ 3,000 ಕೊಟ್ಟು ತಂದರು. ಐಸ್, ಪೆಟ್ರೋಲು ಸೇರಿ 250. ಬೆಳಿಗ್ಗೆ 10 ಕಿಲೋ 220ರಂತೆ ಹೋಯಿತು, ಮಧ್ಯಾಹ್ನಕ್ಕೆ ಮೆತ್ತಗಾಗತೊಡಗಿದ 6 ಕಿಲೋ 160ಕ್ಕೆ, ಉಳಿದ 4 ಕಿಲೋವನ್ನು 80ಕ್ಕೆ ಕೊಟ್ಟು ಕೈ ತೊಳೆದುಕೊಂಡರು. ಒಟ್ಟು ಬಂದದ್ದು 3,480. ಇಡೀ ದಿನದ ದುಡಿಮೆಗೆ ಉಳಿದದ್ದು 230 ರೂಪಾಯಿ. ಅದೇ ವ್ಯಕ್ತಿ ಇನ್ನೂ 150 ರೂಪಾಯಿಯ ಐಸ್ ಹಾಕಿ, ಮುಚ್ಚಳ ಗಟ್ಟಿಯಿರುವ ಪೆಟ್ಟಿಗೆ ಬಳಸಿ, 14 ಕಿಲೋ 220ಕ್ಕೂ 6 ಕಿಲೋ 180ಕ್ಕೂ ಮಾರಿದರೆ 4,160 ಬರುತ್ತದೆ. ಖರ್ಚು ಕಳೆದು ಉಳಿಯುವುದು 760. ಮೀನು ಒಂದೇ, ಬಂಡವಾಳ ಹೆಚ್ಚುಕಡಿಮೆ ಒಂದೇ. ಸಂಪಾದನೆ ಮೂರು ಪಟ್ಟು.

ಹಾಗಾದರೆ ಎಲ್ಲರೂ ಹೆಚ್ಚು ಐಸ್ ಏಕೆ ಹಾಕುವುದಿಲ್ಲ?

ಕಾಣದ ಗುಣಕ್ಕೆ ಬೆಲೆಯಿಲ್ಲ

ಏಕೆಂದರೆ ಮಧ್ಯಾಹ್ನವೂ ತಮ್ಮ ಮೀನು ಗಟ್ಟಿಯಾಗಿದೆ ಎಂದು ಅವರು ಹೇಳಿದರೆ ನಂಬುವವರು ಬೇಕಲ್ಲ! ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯ ಬಗ್ಗೆ ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಹುಮಾನ ಬಂತು. ಅವರ ವಾದ ಸರಳ. ಕಾರು ಒಳ್ಳೆಯದೋ ಕೆಟ್ಟದೋ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಕೊಳ್ಳುವವರು ಭಯದಿಂದ ನಡುವಿನ ಬೆಲೆ ಹೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಒಪ್ಪದೆ ಹಿಂದೆ ಸರಿಯುತ್ತಾರೆ. ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ, ಬೆಲೆ ಇನ್ನೂ ಇಳಿಯುತ್ತದೆ. ಕಾರಿನ ಜಾಗದಲ್ಲಿ ಬಂಗುಡೆಯನ್ನು ಇಟ್ಟು ಓದಿದರೆ ಘಟ್ಟದ ಮೇಲಿನ ಮೀನುಪೇಟೆಯ ಕಥೆ ಅರ್ಥವಾಗುತ್ತದೆ. ಮೀನಿನ ವಯಸ್ಸು ಅಳೆಯಲು ಬಾರದ ಗಿರಾಕಿ ಜಾತಿ ನೋಡಿ, ಗಾತ್ರ ನೋಡಿ ದರ ಕೇಳುತ್ತಾರೆ. ಉಳಿದದ್ದನ್ನು ಚೌಕಾಸಿಯಲ್ಲಿ ಇಳಿಸುತ್ತಾರೆ. ಹೆಚ್ಚು ಐಸ್ ಹಾಕಿದವರಿಗೂ ಹಾಕದವರಿಗೂ ಒಂದೇ ದರ ಸಿಕ್ಕರೆ ನಾಳೆಯಿಂದ ಇಬ್ಬರೂ ಐಸ್ ಕಡಿಮೆ ಮಾಡುತ್ತಾರೆ.

ಬೇರೆ ಕಡೆ ಇದಕ್ಕೆ ಉತ್ತರ ಹುಡುಕಿದ್ದಾರೆ. ಹವಾಯಿಯ ಹೊನೊಲುಲುವಿನಲ್ಲಿ 1952ರಿಂದ ನಡೆಯುವ ಏಲಂನಲ್ಲಿ ದೊಡ್ಡ ಮೀನುಗಳನ್ನು ಒಂದೊಂದಾಗಿಯೇ ಕೂಗುತ್ತಾರೆ. ಟ್ಯೂನಾದ ಬಾಲದ ಬಳಿ ಕೊಯ್ದು ಮಾಂಸದ ಬಣ್ಣ, ಕೊಬ್ಬನ್ನು ಎಲ್ಲರಿಗೂ ತೋರಿಸುತ್ತಾರೆ. ಒಂದೇ ಬೋಟಿನ ಎರಡು ಮೀನುಗಳಿಗೆ ಬೇರೆ ಬೇರೆ ದರ ಬರುವುದರಿಂದ ಹಿಡಿದ ಕೂಡಲೇ ಮೀನನ್ನು ಜೋಪಾನ ಮಾಡಿದವರಿಗೆ ಕೂಲಿ ಸಿಗುತ್ತದೆ. ಯೂರೋಪಿಯನ್ ಒಕ್ಕೂಟ 1996ರ ನಿಯಮದಲ್ಲಿ ಮೀನಿನ ತಾಜಾತನಕ್ಕೆ ‘ಎಕ್ಸ್‌ಟ್ರಾ’, ‘ಎ’, ‘ಬಿ’ ಎಂಬ ದರ್ಜೆಗಳನ್ನು ಗೊತ್ತುಮಾಡಿತು. ನಮ್ಮ ಬುಟ್ಟಿ ಏಲಂನಲ್ಲಿ ಇಂಥ ದರ್ಜೆ ಇಲ್ಲ. ಬುಟ್ಟಿಯ ಮೇಲಿನ ಸಾಲು ಒಂದು, ತಳದ ಸಾಲು ಇನ್ನೊಂದು ಆಗಿದ್ದರೆ ಕೊಂಡವರ ಕರ್ಮ.

ನಮ್ಮಲ್ಲಿಯೂ ದರ್ಜೆ ನಡೆಯುವ ಒಂದು ಕಡೆ ಇದೆ, ಅದು ರಫ್ತು. 1997ರ ಆಗಸ್ಟ್‌ನಲ್ಲಿ ಯೂರೋಪಿಯನ್ ಒಕ್ಕೂಟ ಭಾರತದ ಸಂಸ್ಕರಣಾ ಘಟಕಗಳ ಶುಚಿತ್ವ ಸಾಲದೆಂದು ನಮ್ಮ ಮೀನಿನ ಆಮದನ್ನೇ ಕೆಲವು ತಿಂಗಳು ನಿಲ್ಲಿಸಿತ್ತು. ಆ ಪೆಟ್ಟಿನ ನಂತರ ಘಟಕಗಳು ನೀರು, ಐಸ್, ನೆಲ, ಕೈಗವಸು ಎಲ್ಲವನ್ನೂ ಬದಲಿಸಬೇಕಾಯಿತು. ಬೊಂಡಾಸ್, ಸಿಗಡಿ, ಮದ್ಮಾಲ್ ಕೊಳ್ಳುವ ರಫ್ತಿನವರು ಬಣ್ಣ, ಚರ್ಮ, ಗಾತ್ರ ನೋಡಿ ಬೇರೆ ಬೇರೆ ದರ ಕೊಡುತ್ತಾರೆ. ಮೀನುಗಾರರು ಐಸ್‌ಗೆ ಹಣ ಸುರಿಯಲು ಇದೂ ಕಾರಣ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ರಫ್ತಿನವರು ಬೇಡವೆಂದು ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಕೆಲವು ಮೀನುಹುಡಿಗೆ, ಉಳಿದದ್ದು ಊರಿನ ಪೇಟೆಗೆ. ವಿದೇಶದ ಊಟದ ಮೇಜಿಗೆ ಒಂದು ಅಳತೆಗೋಲು, ಭದ್ರಾವತಿಯ ಊಟದ ಮೇಜಿಗೆ ಯಾವ ಅಳತೆಗೋಲೂ ಇಲ್ಲ ಎಂಬುದು ಈ ಲೇಖಕನಿಗೆ ಸರಿಯೆನಿಸುವುದಿಲ್ಲ.

ಫೋನ್ ಬಂದ ಮೇಲೆ ಎಲ್ಲ ಸರಿಹೋಯಿತಲ್ಲ ಎನ್ನುವವರಿದ್ದಾರೆ. ನಮ್ಮ ಗಡಿಯ ಕಾಸರಗೋಡು ಸೇರಿದಂತೆ ಉತ್ತರ ಕೇರಳದ ಮೂರು ಜಿಲ್ಲೆಗಳಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಬಂದಾಗ ಬೂತಾಯಿ ದರಕ್ಕೆ ಏನಾಯಿತೆಂದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಮೀನುಗಾರರ ಲಾಭ ಸರಾಸರಿ 8 ಶೇಕಡಾ ಏರಿತು, ಕೊಳ್ಳುವವರಿಗೆ ದರ 4 ಶೇಕಡಾ ಇಳಿಯಿತು, ಕೊಳ್ಳುವವರಿಲ್ಲದೆ ಸಮುದ್ರಕ್ಕೆ ಸುರಿಯುವುದು ನಿಂತಿತು. ದೊಡ್ಡ ಮಾತೇ. ಆದರೆ ಫೋನ್ ತಿಳಿಸುವುದು ಯಾವ ಬಂದರಿನಲ್ಲಿ ಎಷ್ಟು ದರ ಎಂಬುದನ್ನು. ಕಿವಿರಿನ ಬಣ್ಣವನ್ನು ಫೋಟೋದಲ್ಲಿ ತೋರಿಸಬಹುದು, ವಾಸನೆಯನ್ನು ಕಳುಹಿಸಲಾಗದು.

ಸಂಶಯದ ಬೆಲೆ

ಗುಣ ಕಾಣದಿದ್ದಾಗ ಸಂಶಯ ಹೇಗೆ ಹರಡುತ್ತದೆ ಎಂಬುದನ್ನು 2018 ತೋರಿಸಿತು. ಆ ವರ್ಷದ ಜೂನ್‌ನಲ್ಲಿ ಕೇರಳದ ಗಡಿ ತಪಾಸಣೆಯಲ್ಲಿ ಫಾರ್ಮಲಿನ್ ಹಾಕಿದ ಟನ್ನುಗಟ್ಟಲೆ ಮೀನು ಸಿಕ್ಕಿಬಿತ್ತು. ಶವ ಕೆಡದಂತೆ ಇಡಲು ಬಳಸುವ ದ್ರಾವಣ ಅದು. ಜುಲೈನಲ್ಲಿ ಗೋವಾ ಹೊರರಾಜ್ಯದ ಮೀನಿಗೆ ತಾತ್ಕಾಲಿಕ ನಿಷೇಧ ಹೇರಿತು. ಅದೇ ವರ್ಷದ ಕೊನೆಯಲ್ಲಿ ಮತ್ತೆ ಬಂದ ನಿರ್ಬಂಧಗಳಿಂದ ನಮ್ಮ ಕಾರವಾರ ಕಡೆಯ ವ್ಯಾಪಾರಿಗಳೂ ತೊಂದರೆಗೊಳಗಾದರು. ಫಾರ್ಮಲಿನ್ ಕಂಡೂ ಕೇಳರಿಯದವರ ಬುಟ್ಟಿಯನ್ನೂ ಜನ ಅನುಮಾನದಿಂದ ನೋಡತೊಡಗಿದರು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯಿಂದ ಫಾರ್ಮಲಿನ್ ಮತ್ತು ಅಮೋನಿಯಾ ಪತ್ತೆಹಚ್ಚುವ ಸುಲಭ ಕಿಟ್ ರೂಪಿಸಿದ್ದು ಇಂಥ ಸಂಶಯಕ್ಕೆ ಉತ್ತರವಾಗಿ. ಒಂದು ಎಚ್ಚರಿಕೆ: ‘ನೊಣ ಕೂರದಿದ್ದರೆ ಫಾರ್ಮಲಿನ್’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಚೆನ್ನಾಗಿ ಐಸ್ ಹಾಕಿದ ಮೀನಿಗೂ ನೊಣ ಕಡಿಮೆ. ಕೆಲವು ಜಾತಿಯ ಮೀನುಗಳಲ್ಲಿ ಆ ರಾಸಾಯನಿಕ ಸ್ವಲ್ಪ ಪ್ರಮಾಣದಲ್ಲಿ ತಾನಾಗಿಯೇ ಉಂಟಾಗುವುದೂ ಇದೆ.

ನನ್ನ ಅಭಿಪ್ರಾಯದಲ್ಲಿ ಫಾರ್ಮಲಿನ್‌ಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಹಿಸ್ಟಮಿನ್. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನುಗಳು ಐಸ್ ಇಲ್ಲದೆ ಬೆಚ್ಚಗೆ ಉಳಿದರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಉಂಟುಮಾಡುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಗಾಗುವುದು, ತುರಿಕೆ, ತಲೆನೋವು, ವಾಂತಿ. ‘ನನಗೆ ಬಂಗುಡೆ ಆಗುವುದಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಆಗದಿದ್ದದ್ದು ಹಳಸಿದ ಬಂಗುಡೆ ಇರಬಹುದು. ಇದು ಬೇಯಿಸಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ, ಹುಳಿ ಖಾರ ಹೆಚ್ಚು ಹಾಕಿದರೂ ಹೋಗುವುದಿಲ್ಲ. ಸಂಜೆಯ ಅಗ್ಗದ ಮೀನನ್ನು ಕೊಳ್ಳುವವರು ಬಡವರೇ ಆದ್ದರಿಂದ ಇದರ ಭಾರ ಬೀಳುವುದೂ ಅವರ ಮೇಲೆಯೇ.

ಭದ್ರಾವತಿಯಲ್ಲಿ ಈ ಮಾತಿಗೆ ಬೇರೆ ತೂಕವಿದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಕಾಲದಲ್ಲಿ ಕರಾವಳಿಯಿಂದಲೂ ಕೇರಳ, ತಮಿಳುನಾಡುಗಳಿಂದಲೂ ಬಂದು ನೆಲೆಸಿದ ಮನೆಗಳು ಅಲ್ಲಿವೆ. ಆ ಮನೆಗಳ ಹಿರಿಯರಿಗೆ ಕಿವಿರು ಬಿಡಿಸಿ ನೋಡುವ ಕೈ ಇತ್ತು. ಈಗಿನವರು ಕೊಯ್ದು ಚೀಲಕ್ಕೆ ಹಾಕಿದ ಮೀನನ್ನೇ ತರುತ್ತಾರೆ. ತಲೆ ಕತ್ತರಿಸಿದ ಮೀನಿಗೆ ಕಣ್ಣೂ ಇಲ್ಲ, ಕಿವಿರೂ ಇಲ್ಲ. ನೋಡಿ ತಿಳಿಯುವ ದಾರಿಯನ್ನು ನಾವೇ ಅಂಗಡಿಯಲ್ಲಿ ಬಿಟ್ಟು ಬರುತ್ತೇವೆ.

ಮಳೆಗಾಲದಲ್ಲಿ ಘಟ್ಟದ ಮೇಲೆ

ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ವರೆಗೆ. ಹಾಗಾಗಿ ಜೂನ್ ಮಧ್ಯದಿಂದ ತಮಿಳುನಾಡು, ಆಂಧ್ರದ ಮೀನು ನಮ್ಮ ಕಡೆಗೆ ಬರುತ್ತದೆ. ಸಂಖ್ಯೆ ಕಡಿಮೆ, ದಾರಿ ಉದ್ದ. ಅಂದರೆ ದರ ಹೆಚ್ಚು, ವಯಸ್ಸೂ ಹೆಚ್ಚು. ವರ್ಷದಲ್ಲಿ ದರ ಮತ್ತು ಗುಣ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುವ ಕಾಲ ಇದು. ದುಬಾರಿ ಎಂದಮಾತ್ರಕ್ಕೆ ತಾಜಾ ಎಂದು ತಿಳಿಯಬಾರದು.

ಈ ದಿನಗಳಲ್ಲಿ ಫ್ರೀಜರ್ ಮೀನಿನ ಬಗ್ಗೆ ಇರುವ ತಾತ್ಸಾರವನ್ನು ಸ್ವಲ್ಪ ಬಿಡುವುದು ಒಳ್ಳೆಯದು. ತಾಜಾ ಇರುವಾಗಲೇ ಸರಿಯಾಗಿ ಹೆಪ್ಪುಗಟ್ಟಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಟ್ಟ ಮೀನು, ಮೂರು ದಿನ ಲಾರಿಯಲ್ಲಿ ಕುಳಿತ ‘ಫ್ರೆಶ್’ ಮೀನಿಗಿಂತ ಉತ್ತಮ. ತೊಂದರೆಯಿರುವುದು ಹೆಪ್ಪುಗಟ್ಟಿದ್ದನ್ನು ಕರಗಿಸಿ ಐಸ್ ಮೇಲೆ ಹರಡಿ ತಾಜಾ ದರಕ್ಕೆ ಮಾರುವುದರಲ್ಲಿ.

ಒಣಮೀನಿಗೂ ಇದೇ ಕಾಲ. ಮಲೆನಾಡಿನ ಮಳೆಗೆ ಗಂಜಿ, ಸುಟ್ಟ ಒಣಮೀನು ಬಿಟ್ಟರೆ ಬೇರೆ ಏನು ಬೇಕು! ಆದರೆ ಒಣಮೀನಿನಲ್ಲೂ ದರ್ಜೆ ಇದೆ. ಮರಳಿನ ಮೇಲೆ ಹರಡಿ ಒಣಗಿಸಿದ್ದರಲ್ಲಿ ಹಲ್ಲಿಗೆ ಮರಳು ಸಿಗುತ್ತದೆ. ಎತ್ತರದ ಅಟ್ಟಣೆಯ ಮೇಲೆ ಬಲೆ ಹಾಸಿ ಒಣಗಿಸಿದ್ದು ಶುಚಿ, ಆದ್ದರಿಂದ ದರವೂ ಹೆಚ್ಚು. ಮಾರಾಟವಾಗದೆ ಉಳಿದ ಮೀನನ್ನು ಉಪ್ಪು ಹಾಕಿ ಒಣಗಿಸುವುದುಂಟು. ಒಣಗಿಸಿದ ಮಾತ್ರಕ್ಕೆ ಹಳಸಿದ ಮೀನು ಒಳ್ಳೆಯದಾಗುವುದಿಲ್ಲ. ಮುಟ್ಟಿದರೆ ಅಂಟಂಟು, ಹಳದಿ ಛಾಯೆ, ಮೂಗಿಗೆ ಅಡರುವ ಹಳಸಲು ಎಣ್ಣೆಯ ವಾಸನೆ ಇದ್ದರೆ ಬಿಡುವುದು ಲೇಸು.

ಸಮುದ್ರದ ಮೀನಿಗೆ ಪರ್ಯಾಯವೂ ಹತ್ತಿರದಲ್ಲೇ ಇದೆ. ಭದ್ರಾ ಜಲಾಶಯ, ತುಂಗಾ ನದಿ, ಊರಿನ ಕೆರೆಗಳ ಕಾಟ್ಲಾ, ರೋಹು, ಗೆಂಡೆ. ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಮರಿ ಉತ್ಪಾದನೆಯೂ ನಡೆಯುತ್ತದೆ. ಕಣ್ಣೆದುರಿಗೆ ಜೀವಂತ ಇರುವ ಗೆಂಡೆಗೆ ತಾಜಾತನದ ಪ್ರಮಾಣಪತ್ರ ಬೇಕಿಲ್ಲ, ಅದಕ್ಕೇ ಜೀವಂತ ಮೀನಿಗೆ ದರ ಹೆಚ್ಚು. ಕೆರೆಮೀನಿಗೆ ಕೆಲವೊಮ್ಮೆ ಕೆಸರಿನ ರುಚಿ ಬರುವುದು ನೀರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ. ಅದು ಹಳಸಿದ ಗುರುತಲ್ಲ, ಆದರೂ ದರ ಇಳಿಸುತ್ತದೆ. ಹುಣಸೆ ಹುಳಿ ಇದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಸಂಶಯವನ್ನು ಕಡಿಮೆ ಮಾಡುವ ದಾರಿ ನಮ್ಮ ಪೇಟೆಗಳಲ್ಲಿ ಸದ್ಯಕ್ಕೆ ಒಂದೇ: ಮತ್ತೆ ಮತ್ತೆ ಒಬ್ಬರಲ್ಲೇ ಕೊಳ್ಳುವುದು. ‘ಅಕ್ಕಾ, ಇವತ್ತು ಬಂಗುಡೆ ಬೇಡ, ನಿನ್ನೇದು; ಬೂತಾಯಿ ತಗೊಳ್ಳಿ’ ಎಂದು ಹೇಳುವ ಮೀನಿನವರು ಆ ದಿನ ಇಪ್ಪತ್ತು ರೂಪಾಯಿ ಬಿಟ್ಟಿರಬಹುದು, ಆದರೆ ಮುಂದಿನ ವಾರ ಅವರು ಹೇಳಿದ ದರಕ್ಕೆ ಅಕ್ಕ ಚೌಕಾಸಿ ಮಾಡುವುದಿಲ್ಲ. ಪ್ರತಿ ಸಲ ಹತ್ತು ರೂಪಾಯಿ ಅಗ್ಗ ಹುಡುಕಿ ಬೇರೆ ಬೇರೆಯವರ ಬಳಿ ಹೋಗುವ ಗಿರಾಕಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ.

ಮಾರುವವರ ಕಡೆಯಿಂದ ಬೇಕಾದದ್ದು ಒಳ್ಳೆಯ ಪೆಟ್ಟಿಗೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್‌ಪೆಟ್ಟಿಗೆ ಸಹಿತ ಬೈಕು, ಶಾಖ ತಡೆಯುವ ವಾಹನ ಮುಂತಾದವಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60ರ ವರೆಗೆ ಸಹಾಯಧನ ಇಡಲಾಯಿತು. ಧರ್ಮಕೇಂದ್ರಗಳಲ್ಲಿ ಸ್ವಸಹಾಯ ಗುಂಪುಗಳೊಂದಿಗೆ ಕೆಲಸ ಮಾಡುವವರು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಈಗ ಯಾವುದಕ್ಕೆ ಅರ್ಜಿ ಕರೆದಿದ್ದಾರೆಂದು ವಿಚಾರಿಸಬಹುದು. ಬಹಳಷ್ಟು ಮೀನಿನವರಿಗೆ ಅರ್ಜಿ ತುಂಬುವುದೇ ದೊಡ್ಡ ಅಡ್ಡಿ.

ಇನ್ನು ಹಬ್ಬದ ಊಟಕ್ಕೆ ಮೀನು ಕೊಳ್ಳುವ ಹೊಣೆ ಹೊತ್ತವರಿಗೆ ಒಂದೆರಡು ಮಾತು. ಜೂನ್ 13ರ ಸಂತ ಅಂತೋಣಿಯವರ ಹಬ್ಬ, ಬೆಸ್ತರಾಗಿದ್ದ ಸಂತ ಪೇತ್ರರ ಜೂನ್ 29ರ ಹಬ್ಬ ಎರಡೂ ನಿಷೇಧದ ದಿನಗಳಲ್ಲೇ ಬೀಳುತ್ತವೆ. ದೊಡ್ಡ ಆರ್ಡರ್ ಕೊಡುವಾಗ ಕಿಲೋ ದರವನ್ನು ಮಾತ್ರ ಕೇಳಬೇಡಿ. ಸಿಗಡಿಯ ತಲೆ, ಸಿಪ್ಪೆ ತೆಗೆದರೆ ಉಳಿಯುವುದು ಸುಮಾರು ಅರ್ಧ ತೂಕ. ಶುಚಿಮಾಡಿದ ಸಿಗಡಿಯ ದರ ದುಬಾರಿ ಎನಿಸಿದರೂ ಲೆಕ್ಕ ಹಾಕಿದರೆ ಒಂದೇ ಆಗಬಹುದು. ಮೆತ್ತಗಾದ ಅಂಜಲ್ ತುಂಡು ಕಾವಲಿಯಲ್ಲಿ ಒಡೆದುಹೋಗಿ ನೂರು ಜನರ ಮೀನು ಎಂಬತ್ತು ಜನಕ್ಕೆ ಸಾಲುತ್ತದೆ. ತೂಕ ಐಸ್ ಕಳೆದೋ ಸೇರಿಯೋ ಎಂದು ಮೊದಲೇ ಮಾತಾಡಿಕೊಳ್ಳಿ. ಬೆಳಿಗ್ಗೆ ಗಾಡಿ ಬಂದಾಗ ಮನೆಯ ಹಿರಿಯ ಹೆಂಗಸೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು, ಪೆಟ್ಟಿಗೆಯ ಮೇಲಿನ ಸಾಲನ್ನು ಬದಿಗೆ ಸರಿಸಿ, ತಳದಿಂದ ಒಂದು ಮೀನನ್ನು ಎತ್ತಿಸಿ ಕಿವಿರು ನೋಡಿದ ಮೇಲೆಯೇ ತಕ್ಕಡಿಗೆ ಹಾಕಿಸಿ.